ಬಡ್ತಿ ಆದೇಶದ ಮರುದಿನ

ಸರ್ಕಾರಿ ನೌಕರರ ಮನೆಯಲ್ಲಿ ಎರಡು ಆದೇಶಗಳು ಬಂದಾಗ ಸಿಹಿ ಹಂಚುತ್ತಾರೆ. ಒಂದು ನೇಮಕಾತಿ ಆದೇಶ, ಇನ್ನೊಂದು ಮೊದಲ ಬಡ್ತಿಯ ಆದೇಶ. ಮೊದಲನೆಯದರ ಬೆನ್ನಿಗೆ ಕಲಿಕೆಯ ಒಂದು ದೊಡ್ಡ ವ್ಯವಸ್ಥೆಯೇ ಇದೆ. ಬುನಾದಿ ತರಬೇತಿ, ಇಲಾಖಾ ಪರೀಕ್ಷೆ, ಕನ್ನಡ ಭಾಷಾ ಪರೀಕ್ಷೆ, ಕಂಪ್ಯೂಟರ್ ಸಾಕ್ಷರತಾ ಪರೀಕ್ಷೆ, ಪ್ರೊಬೇಷನ್, ಅದು ತೃಪ್ತಿಕರವಾಗಿ ಮುಗಿಯಿತೆಂಬ ಘೋಷಣೆ. ಎರಡನೆಯದರ ಬೆನ್ನಿಗೆ ಬಹುಪಾಲು ಇಲಾಖೆಗಳಲ್ಲಿ ಏನೂ ಇಲ್ಲ.

ನಿನ್ನೆಯವರೆಗೆ ತಮ್ಮ ಮೇಜಿನ ಕಡತಗಳಿಗಷ್ಟೇ ಹೊಣೆಯಾಗಿದ್ದ ಪ್ರಥಮ ದರ್ಜೆ ಸಹಾಯಕರು ಇಂದು ಶಿರಸ್ತೇದಾರರು. ಎಂಟು ಹತ್ತು ಮಂದಿಯ ಕೆಲಸಕ್ಕೆ ಇನ್ನು ಅವರು ಉತ್ತರ ಹೇಳಬೇಕು. ತರಗತಿಯಲ್ಲಿ ಇಪ್ಪತ್ತು ವರ್ಷ ಪಾಠ ಮಾಡಿದ ಶಿಕ್ಷಕಿ ಈಗ ಮುಖ್ಯ ಶಿಕ್ಷಕಿ. ಬಿಸಿಯೂಟದ ಲೆಕ್ಕ, ಎಸ್‌ಡಿಎಂಸಿ ಸಭೆ, ಇಬ್ಬರು ಸಹೋದ್ಯೋಗಿಗಳ ನಡುವಿನ ಮನಸ್ತಾಪ ಎಲ್ಲವೂ ಅವರ ತಲೆಗೆ. ಒಂದು ಗ್ರಾಮ ಪಂಚಾಯಿತಿ ನೋಡಿಕೊಳ್ಳುತ್ತಿದ್ದ ಪಿಡಿಒ ತಾಲ್ಲೂಕು ಪಂಚಾಯಿತಿಯ ಅಧಿಕಾರಿಯಾದರೆ ಹತ್ತಾರು ಪಿಡಿಒಗಳು ಅವರ ಮಾತಿಗೆ ಕಾಯುತ್ತಾರೆ. ಪ್ರಭಾರ ಹಸ್ತಾಂತರ ಪತ್ರಕ್ಕೆ ಸಹಿ ಹಾಕಿ ಕುರ್ಚಿಯಲ್ಲಿ ಕೂತ ಮೇಲೆ, ಜನರನ್ನು ನಡೆಸಿಕೊಂಡು ಹೋಗುವುದು ಹೇಗೆಂದು ಇವರಿಗೆ ಹೇಳಿಕೊಡುವವರು ಯಾರು?

ಸರ್ಕಾರಿ ನೌಕರರ ನಾಯಕತ್ವ ತರಬೇತಿಯ ಬಗ್ಗೆ ಈಚೆಗೆ ಎಲ್ಲೆಡೆ ಮಾತು ನಡೆದಿದೆ. ಕಾರ್ಯಾಗಾರಗಳಾಗುತ್ತಿವೆ, ಆನ್‌ಲೈನ್ ಕೋರ್ಸುಗಳು ಬಂದಿವೆ. ಇದನ್ನು ಮನಸಾರೆ ಸ್ವಾಗತಿಸುತ್ತೇನೆ. ಆದರೆ ಈ ತರಬೇತಿಗೆ ಮೀಸಲಿಡುವ ಹಣ, ಸಮಯ, ಗಮನ ಮೂರರಲ್ಲೂ ಮೊದಲ ಪಾಲು ಸಲ್ಲಬೇಕಾದ್ದು ಮೊದಲ ಬಡ್ತಿ ಪಡೆದವರಿಗೆ ಎಂಬುದು ನನ್ನ ಖಚಿತ ಅಭಿಪ್ರಾಯ. ಜನಸಾಮಾನ್ಯರು ಸರ್ಕಾರವನ್ನು ಕಾಣುವುದು ಇವರ ಮೇಜಿನ ಎದುರಿನಲ್ಲೇ.

ಈಗ ಇರುವ ವ್ಯವಸ್ಥೆಯನ್ನು ನೋಡೋಣ. ಐಎಎಸ್ ಅಧಿಕಾರಿಗಳಿಗೆ ಮಸ್ಸೂರಿಯ ಲಾಲ್ ಬಹದ್ದೂರ್ ಶಾಸ್ತ್ರಿ ಅಕಾಡೆಮಿಯಲ್ಲಿ ಆರಂಭದ ತರಬೇತಿ ಸಿಗುತ್ತದೆ. ಸೇವೆಯ ನಡುವೆ ಮತ್ತೆ ಕೆಲವು ವಾರ ಅಲ್ಲಿಗೇ ಹೋಗಿ ಕಲಿಯುವ ಅವಕಾಶವೂ ಇದೆ. ನಮ್ಮ ಕೆಎಎಸ್ ಪ್ರೊಬೇಷನರಿಗಳಿಗೆ ಮೈಸೂರಿನ ಲಲಿತಮಹಲ್ ರಸ್ತೆಯ ಆಡಳಿತ ತರಬೇತಿ ಸಂಸ್ಥೆ ಇದೆ. ಜಿಲ್ಲೆಗಳಲ್ಲಿ ಜಿಲ್ಲಾ ತರಬೇತಿ ಸಂಸ್ಥೆಗಳಿವೆ. ಪಂಚಾಯತ್ ರಾಜ್ ಕ್ಷೇತ್ರಕ್ಕೆ ಮೈಸೂರಿನಲ್ಲೇ ಅಬ್ದುಲ್ ನಜೀರ್‌ಸಾಬ್ ಹೆಸರಿನ ರಾಜ್ಯ ಗ್ರಾಮೀಣಾಭಿವೃದ್ಧಿ ಸಂಸ್ಥೆ ಇದೆ. ಹಳ್ಳಿಗಳಿಗೆ ಕುಡಿಯುವ ನೀರು ಕೊಟ್ಟು ‘ನೀರ್ ಸಾಬ್’ ಎನಿಸಿಕೊಂಡ ಮಂತ್ರಿಯ ಹೆಸರು ಆ ಸಂಸ್ಥೆಗೆ ಇರುವುದು ನ್ಯಾಯವೇ. ಆಡಳಿತವನ್ನು ಕೆಳಗಿನ ಹಂತಕ್ಕೆ ಇಳಿಸಬೇಕೆಂದು ಹಟ ಹಿಡಿದವರು ಅವರು.

ಕೇಂದ್ರದ ‘ಮಿಷನ್ ಕರ್ಮಯೋಗಿ’ಗೆ ಸಚಿವ ಸಂಪುಟ ಒಪ್ಪಿಗೆ ಕೊಟ್ಟದ್ದು 2020ರ ಸೆಪ್ಟೆಂಬರ್ 2ರಂದು. ಸುಮಾರು 46 ಲಕ್ಷ ಕೇಂದ್ರ ನೌಕರರನ್ನು ಗುರಿಯಾಗಿಟ್ಟುಕೊಂಡು ಐದು ವರ್ಷಕ್ಕೆ 510.86 ಕೋಟಿ ರೂಪಾಯಿ ತೆಗೆದಿರಿಸಲಾಯಿತು. ‘ಐಗಾಟ್’ ಎಂಬ ಜಾಲತಾಣದಲ್ಲಿ ನೌಕರರು ಮೊಬೈಲಿನಲ್ಲೇ ಪಾಠ ಕೇಳಿ ಪ್ರಮಾಣಪತ್ರ ಪಡೆಯಬಹುದು. ಇದರ ಹಿಂದಿನ ಆಲೋಚನೆ ಚೆನ್ನಾಗಿದೆ. ನೌಕರ ಯಾವ ನಿಯಮ ಬಲ್ಲ ಎಂಬುದಕ್ಕಿಂತ, ಅವನು ಕೂತಿರುವ ಹುದ್ದೆಗೆ ಯಾವ ಕೌಶಲ ಬೇಕು ಎಂಬುದರಿಂದ ತರಬೇತಿ ಶುರುವಾಗಬೇಕು ಎನ್ನುತ್ತದೆ ಅದು. ಪ್ರತಿ ಹುದ್ದೆಯ ಪಾತ್ರ, ಚಟುವಟಿಕೆ, ಸಾಮರ್ಥ್ಯಗಳನ್ನು ಬರೆದಿಡಬೇಕು, ಆಮೇಲೆ ಕೊರತೆ ಗುರುತಿಸಿ ಕಲಿಸಬೇಕು. 2024ರ ಅಕ್ಟೋಬರಿನಲ್ಲಿ ನಡೆದ ರಾಷ್ಟ್ರೀಯ ಕಲಿಕಾ ಸಪ್ತಾಹದಲ್ಲಿ ಪ್ರತಿಯೊಬ್ಬರೂ ಕನಿಷ್ಠ ನಾಲ್ಕು ಗಂಟೆ ಕಲಿಯಬೇಕೆಂಬ ಗುರಿ ಇಡಲಾಗಿತ್ತು.

ನಾಲ್ಕು ಗಂಟೆಯ ವಿಡಿಯೊದಿಂದ ಹೊಸ ನಿಯಮ ಕಲಿಯಬಹುದು, ತಂತ್ರಾಂಶ ಕಲಿಯಬಹುದು. ಜನರನ್ನು ನಡೆಸುವುದನ್ನು ಕಲಿಯಲು ಜನರ ನಡುವೆಯೇ ಕೂರಬೇಕಾಗುತ್ತದೆ. ಅದು ಹೇಗೆಂದು ಹೇಳುವ ಮೊದಲು, ಹೊಸದಾಗಿ ಬಡ್ತಿ ಪಡೆದವರ ಮೇಜಿನ ಮೇಲೆ ಏನಿರುತ್ತದೆ ಎಂದು ಹತ್ತಿರದಿಂದ ನೋಡಬೇಕು.

ಯಾವುದೇ ತಾಲ್ಲೂಕು ಕಚೇರಿಯ ಬೆಳಗಿನ ಹತ್ತೂವರೆ ಗಂಟೆ. ಟಪಾಲು ಶಾಖೆಯಿಂದ ಒಂದು ಕಟ್ಟು ಬಂದಿದೆ. ಮೇಲೆಯೇ ಜಿಲ್ಲಾಧಿಕಾರಿ ಕಚೇರಿಯ ‘ಅತಿ ಜರೂರು’ ಪತ್ರ, ಸಂಜೆಯೊಳಗೆ ಮಾಹಿತಿ ಬೇಕು. ಅದರ ಕೆಳಗೆ ಮಾಹಿತಿ ಹಕ್ಕಿನ ಅರ್ಜಿ, ಮೂವತ್ತು ದಿನದ ಗಡುವು ನಾಳೆಗೆ ಮುಗಿಯುತ್ತದೆ. ಹೈಕೋರ್ಟಿನ ಪ್ರಕರಣವೊಂದಕ್ಕೆ ಕಂಡಿಕೆವಾರು ಉತ್ತರ ಸಿದ್ಧವಾಗಬೇಕು. ಕಾಲಮಿತಿ ಸೇವೆಯ ‘ಸಕಾಲ’ದಲ್ಲಿ ಕೆಲವು ಅರ್ಜಿಗಳ ಅವಧಿ ಮೀರುತ್ತಿದೆ. ಮೂರು ಗಂಟೆಗೆ ವಿಡಿಯೊ ಕಾನ್ಫರೆನ್ಸ್ ಇದೆ. ಭೂಮಿ ವಿಭಾಗದ ವಿಷಯ ನಿರ್ವಾಹಕರು ರಜೆಯಲ್ಲಿದ್ದಾರೆ, ಅವರ ಕೆಲಸಕ್ಕೆ ಪ್ರಭಾರ ವಹಿಸಿದವರು ಚುನಾವಣಾ ಶಾಖೆಯಲ್ಲಿ ಮುಳುಗಿದ್ದಾರೆ. ಬಾಗಿಲ ಬಳಿ ವಯಸ್ಸಾದ ಹೆಂಗಸೊಬ್ಬರು ನಿಂತಿದ್ದಾರೆ. ಗಂಡ ತೀರಿಕೊಂಡು ಎಷ್ಟೋ ದಿನವಾಯಿತು, ಪೌತಿ ಖಾತೆ ಇನ್ನೂ ಆಗಿಲ್ಲ. ‘ಸಾಹೇಬ್ರೇ, ಇವತ್ತಾದ್ರೂ ಆಗುತ್ತಾ?’ ಎಂದು ಕೇಳುತ್ತಿದ್ದಾರೆ.

ಹೊಸ ಶಿರಸ್ತೇದಾರರು ಏನು ಮಾಡುತ್ತಾರೆ? ಅವರು ಒಳ್ಳೆಯ ಕೆಲಸಗಾರರು, ಅದಕ್ಕೇ ಹೆಸರಾದವರು. ಹಾಗಾಗಿ ಎಲ್ಲವನ್ನೂ ತಾವೇ ಮಾಡಲು ಹೋಗುತ್ತಾರೆ. ಜರೂರು ಪತ್ರಕ್ಕೆ ತಾವೇ ಉತ್ತರ ಟೈಪ್ ಮಾಡುತ್ತಾರೆ, ಕಂಡಿಕೆವಾರು ಉತ್ತರವನ್ನು ಮನೆಗೆ ಒಯ್ಯುತ್ತಾರೆ. ಶಾಖೆಯ ಉಳಿದವರು ‘ಸಾರ್ ನೋಡ್ಕೋತಾರೆ’ ಎಂದು ಸುಮ್ಮನಾಗುತ್ತಾರೆ. ಆರು ತಿಂಗಳಲ್ಲಿ ಶಿರಸ್ತೇದಾರರ ರಕ್ತದೊತ್ತಡ ಏರಿರುತ್ತದೆ, ಶಾಖೆಯ ನಾಲ್ವರು ಕೈಕಟ್ಟಿ ಕೂತಿರುತ್ತಾರೆ, ಆ ತಾಯಿಯ ಪೌತಿ ಖಾತೆ ಅಲ್ಲೇ ಇರುತ್ತದೆ. ಸ್ವತಃ ಕೆಲಸ ಮಾಡುವುದು ಒಂದು ವಿದ್ಯೆ, ಇತರರಿಂದ ಮಾಡಿಸುವುದು ಇನ್ನೊಂದು ವಿದ್ಯೆ. ಮೊದಲನೆಯದರಲ್ಲಿ ಪಳಗಿದವರಿಗೆ ಎರಡನೆಯದು ತಾನಾಗಿಯೇ ಬರುತ್ತದೆಂದು ನಮ್ಮ ವ್ಯವಸ್ಥೆ ನಂಬಿ ಕೂತಿದೆ. ಕರ್ನಾಟಕ ಲೋಕಸೇವಾ ಆಯೋಗ ನಡೆಸುವ ಇಲಾಖಾ ಪರೀಕ್ಷೆಗಳನ್ನೇ ನೋಡಿ. ಲೆಕ್ಕಪತ್ರ ಕೇಳುತ್ತಾರೆ, ಕಾನೂನು ಕೇಳುತ್ತಾರೆ, ನಿಯಮಾವಳಿ ಕೇಳುತ್ತಾರೆ. ಕೆಳಗಿನವರಿಗೆ ಕೆಲಸ ಹಂಚಿಕೊಡುವುದು ಹೇಗೆಂದು ಕೇಳುವುದಿಲ್ಲ.

ಇದನ್ನು ತರಬೇತಿಯಲ್ಲಿ ಕಲಿಸಲು ಸಾಧ್ಯವೇ? ಖಂಡಿತ ಸಾಧ್ಯ. ಆಡಳಿತ ತರಬೇತಿಯ ಕ್ಷೇತ್ರದಲ್ಲಿ ದಶಕಗಳಿಂದ ಬಳಕೆಯಲ್ಲಿರುವ ಒಂದು ಅಭ್ಯಾಸವಿದೆ. ಮೇಲೆ ಹೇಳಿದಂಥದ್ದೇ ಟಪಾಲಿನ ಕಟ್ಟನ್ನು ಪ್ರತಿಯೊಬ್ಬರಿಗೂ ಕೊಡುತ್ತಾರೆ. ಇಪ್ಪತ್ತು ಕಾಗದ, ಒಂದು ಗಂಟೆ. ಯಾವುದನ್ನು ಈಗಲೇ ಮಾಡುವಿರಿ, ಯಾವುದನ್ನು ಯಾರಿಗೆ ಒಪ್ಪಿಸುವಿರಿ, ಯಾವುದನ್ನು ತಡೆಹಿಡಿಯುವಿರಿ, ಯಾವುದಕ್ಕೆ ಮೇಲಧಿಕಾರಿಯ ಜತೆ ಫೋನಿನಲ್ಲಿ ಮಾತಾಡುವಿರಿ ಎಂದು ಕಾಗದದ ಅಂಚಿನಲ್ಲೇ ಷರಾ ಬರೆಯಬೇಕು. ಗಂಟೆ ಮುಗಿದ ಮೇಲೆ ಅಸಲು ಪಾಠ ಶುರು. ತರಬೇತುದಾರರು ಒಬ್ಬೊಬ್ಬರನ್ನೇ ಕೇಳುತ್ತಾರೆ: ಈ ಏಳು ಕಾಗದಗಳನ್ನು ನಿಮ್ಮ ಬಳಿಯೇ ಇಟ್ಟುಕೊಂಡಿರಲ್ಲ, ಏಕೆ? ಬೇರೆಯವರು ತಪ್ಪು ಮಾಡುತ್ತಾರೆಂದೇ? ಹೇಳಿಕೊಡಲು ಸಮಯವಿಲ್ಲವೆಂದೇ? ಕೊಟ್ಟರೆ ನಿಮ್ಮ ಬೆಲೆ ಕಡಿಮೆಯಾದೀತೆಂದೇ? ಈ ಪ್ರಶ್ನೆಗಳಿಗೆ ಉತ್ತರ ಹುಡುಕುತ್ತ ಕೂತವರು ತಮ್ಮ ಸ್ವಭಾವವನ್ನೇ ಓದಿಕೊಳ್ಳಲು ತೊಡಗುತ್ತಾರೆ. ಎಷ್ಟೋ ಗಂಟೆಯ ಉಪನ್ಯಾಸದಿಂದ ಆಗದ ಕೆಲಸ ಇದು.

ಇನ್ನೊಂದು ಅಭ್ಯಾಸ ಮಾತುಕತೆಯದು. ನಿನ್ನೆಯವರೆಗೆ ಪಕ್ಕದ ಕುರ್ಚಿಯಲ್ಲಿ ಕೂತು ಜತೆಗೆ ಟೀ ಕುಡಿದ ಗೆಳೆಯ ಈಗ ನಿಮ್ಮ ಕೈಕೆಳಗೆ. ದಿನಾ ತಡವಾಗಿ ಬರುತ್ತಿದ್ದಾನೆ. ಏನು ಮಾಡುತ್ತೀರಿ? ನಮ್ಮ ಕಚೇರಿಗಳಲ್ಲಿ ಎರಡೇ ದಾರಿ ರೂಢಿಯಲ್ಲಿವೆ. ಕಂಡೂ ಕಾಣದಂತೆ ಇರುವುದು ಒಂದು. ಒಂದು ದಿನ ಸಿಟ್ಟು ನೆತ್ತಿಗೇರಿ ಶಿಸ್ತುಕ್ರಮದ 1957ರ ಸಿಸಿಎ ನಿಯಮಗಳ ಮಾತೆತ್ತಿ ಕಾರಣ ಕೇಳುವ ನೋಟಿಸು ಕೊಡುವುದು ಇನ್ನೊಂದು. ಇವೆರಡರ ನಡುವೆ ಮೂರನೆಯ ದಾರಿ ಇದೆ. ಬಾಗಿಲು ಮುಂದೆ ಮಾಡಿ, ಎದುರು ಕೂರಿಸಿಕೊಂಡು, ‘ಮಂಜಣ್ಣ, ಈ ತಿಂಗಳು ಆರು ದಿನ ಹನ್ನೊಂದು ಗಂಟೆ ಮೇಲೆ ಬಂದಿದ್ದೀಯ. ಅಷ್ಟೂ ದಿನ ಜನ ಕೌಂಟರಿನಲ್ಲಿ ಕಾದು ನಿಂತಿದ್ದರು. ಮನೆಯಲ್ಲಿ ಏನಾದ್ರೂ ತೊಂದರೆಯಾ?’ ಎಂದು ಕೇಳುವುದು. ಬೈಗುಳವಿಲ್ಲ, ಸುತ್ತುಬಳಸಿಲ್ಲ. ನಡೆದದ್ದು ಏನು, ಅದರಿಂದ ಯಾರಿಗೆ ಕಷ್ಟವಾಯಿತು ಎಂಬುದಷ್ಟೇ ಮುಂದಿಟ್ಟಿದ್ದು. ಕೇಳಲು ಸುಲಭವೆನಿಸುವ ಈ ಮಾತನ್ನು ಬಾಯಲ್ಲಿ ಆಡುವುದು ಬಹಳ ಕಷ್ಟ. ಒಬ್ಬರು ಮಂಜಣ್ಣನ ಪಾತ್ರ, ಇನ್ನೊಬ್ಬರು ಶಿರಸ್ತೇದಾರರ ಪಾತ್ರ ವಹಿಸಿ ನಾಲ್ಕಾರು ಬಾರಿ ಆಡಿ ನೋಡಿದರೆ ನಾಲಿಗೆ ಹೊರಳುತ್ತದೆ.

ಅನುಭವವೇ ಎಲ್ಲವನ್ನೂ ಕಲಿಸುತ್ತದೆ, ತರಬೇತಿ ಯಾಕೆ ಎನ್ನುವ ಹಿರಿಯ ಅಧಿಕಾರಿಗಳಿದ್ದಾರೆ. ಅವರ ಮಾತಿನಲ್ಲಿ ಅರ್ಧ ಸತ್ಯವಿದೆ. ಅನುಭವ ಕಲಿಸುತ್ತದೆ ನಿಜ, ಆದರೆ ಅದು ಹಿಂದಿನವರು ಮಾಡಿದ್ದನ್ನೇ ಕಲಿಸುತ್ತದೆ. ಹಿಂದಿನ ಶಿರಸ್ತೇದಾರರು ಎಲ್ಲರೆದುರು ಕೂಗಾಡುತ್ತಿದ್ದರೆ ಹೊಸಬರೂ ಕೂಗಾಡುವುದೇ ಅಧಿಕಾರವೆಂದು ತಿಳಿಯುತ್ತಾರೆ.

ಈ ವಿಷಯದಲ್ಲಿ ಅಮೆರಿಕದ ಫೆಡರಲ್ ಸರ್ಕಾರದ ಒಂದು ನಿಯಮ ನನಗೆ ತುಂಬ ಹಿಡಿಸಿದೆ. ಅಲ್ಲಿ ಮೊದಲ ಬಾರಿಗೆ ಮೇಲ್ವಿಚಾರಕ ಹುದ್ದೆಗೆ ಬಂದವರಿಗೆ ಒಂದು ವರ್ಷದೊಳಗೆ ಆ ಕೆಲಸದ ತರಬೇತಿ ಕೊಡಲೇಬೇಕು. ಆಮೇಲೂ ಕನಿಷ್ಠ ಮೂರು ವರ್ಷಕ್ಕೊಮ್ಮೆ ಅದನ್ನು ಮುಂದುವರಿಸಬೇಕು. ಜತೆಗೆ ಮೇಲ್ವಿಚಾರಕರಿಗೆಂದೇ ಪ್ರತ್ಯೇಕ ಪ್ರೊಬೇಷನ್ ಅವಧಿಯೂ ಇದೆ. ಜನರನ್ನು ನಡೆಸಲು ಒಗ್ಗದವರು ತಮ್ಮ ಹಳೆಯ ಮಟ್ಟದ ಕೆಲಸಕ್ಕೆ ಮರಳಬಹುದು. ಅದೇ ದೇಶದಲ್ಲಿ ಹಿರಿಯ ಅಧಿಕಾರಿಗಳಿಗಾಗಿ 1968ರಲ್ಲಿ ವರ್ಜೀನಿಯಾದ ಷಾರ್ಲಟ್ಸ್‌ವಿಲ್‌ನಲ್ಲಿ ಶುರುವಾಗಿದ್ದ ಫೆಡರಲ್ ಎಕ್ಸಿಕ್ಯುಟಿವ್ ಇನ್‌ಸ್ಟಿಟ್ಯೂಟನ್ನು ಮುಚ್ಚಲು ಅಧ್ಯಕ್ಷ ಟ್ರಂಪ್ 2025ರ ಫೆಬ್ರುವರಿಯಲ್ಲಿ ಆದೇಶಿಸಿದರು. ಅರ್ಧ ಶತಮಾನಕ್ಕೂ ಹೆಚ್ಚು ಕಾಲ ಬೆಳೆದ ಸಂಸ್ಥೆ ಒಂದು ಸಹಿಗೆ ಗುರಿಯಾಯಿತು. ಕಟ್ಟಡದಲ್ಲಿರುವ ತರಬೇತಿಗಿಂತ ನಿಯಮದಲ್ಲಿ ಬರೆದಿಟ್ಟ ತರಬೇತಿಗೆ ಆಯುಷ್ಯ ಹೆಚ್ಚೆಂದು ನನಗೆ ಅನಿಸುವುದು ಇದಕ್ಕೇ.

ನಮ್ಮಲ್ಲೂ ಒಳ್ಳೆಯ ತರಬೇತಿ ನಡೆಯದೇ ಇಲ್ಲ. ‘ಭೂಮಿ’ ಯೋಜನೆಯನ್ನು ನೆನಪಿಸಿಕೊಳ್ಳಿ. ಈ ಶತಮಾನದ ಆರಂಭದಲ್ಲಿ 177 ತಾಲ್ಲೂಕುಗಳ ಸುಮಾರು 2 ಕೋಟಿ ಪಹಣಿಗಳು ಕಂಪ್ಯೂಟರಿಗೆ ಬಂದವು. ಎಲ್ಲರೂ ಅದನ್ನು ತಂತ್ರಜ್ಞಾನದ ಗೆಲುವೆಂದು ಹೊಗಳುತ್ತಾರೆ. ಜನರನ್ನು ಸಿದ್ಧಗೊಳಿಸಿದ ರೀತಿಯನ್ನು ನಾನು ಅದಕ್ಕಿಂತ ದೊಡ್ಡದೆಂದು ಎಣಿಸುತ್ತೇನೆ. ರಾಜ್ಯಮಟ್ಟದ ಕಾರ್ಯಾಗಾರಕ್ಕೆ ಬಂದ ಅಧಿಕಾರಿಗಳು ಪ್ರಮಾಣಪತ್ರ ಹಿಡಿದು ಮನೆಗೆ ಹೋಗುವಂತಿರಲಿಲ್ಲ. ತಮ್ಮ ಜಿಲ್ಲೆಗೆ ಮರಳಿ ಗ್ರಾಮ ಲೆಕ್ಕಿಗರಿಗೆ ತಾವೇ ಕಲಿಸಬೇಕಿತ್ತು. ಕಲಿತದ್ದನ್ನು ಕಲಿಸುವ ಹೊಣೆ ಬಿದ್ದಾಗ ಕಲಿಕೆ ಗಟ್ಟಿಯಾಗುತ್ತದೆ. ಪೆನ್ನು ಹಿಡಿದು ಪಹಣಿ ಬರೆಯುತ್ತಿದ್ದ ಗ್ರಾಮ ಲೆಕ್ಕಿಗರೇ ಕಿಯೋಸ್ಕಿನ ಹಿಂದೆ ಕೂತು ರೈತರಿಗೆ ಮುದ್ರಿತ ಪಹಣಿ ಕೊಟ್ಟರು. ಯೋಜನೆಯ ಸಾರಥ್ಯ ವಹಿಸಿದ್ದ ಐಎಎಸ್ ಅಧಿಕಾರಿ ರಾಜೀವ್ ಚಾವ್ಲಾ ವರ್ಷಗಟ್ಟಲೆ ಅದರ ಜತೆಗೇ ಉಳಿದರು.

ಆ ಕೊನೆಯ ಮಾತು ಮುಖ್ಯ. ಎಷ್ಟೇ ಒಳ್ಳೆಯ ತರಬೇತಿ ಕೊಟ್ಟರೂ ವರ್ಷ ತುಂಬುವ ಮೊದಲು ಎತ್ತಂಗಡಿ ಮಾಡಿದರೆ ಅದೆಲ್ಲ ವ್ಯರ್ಥ. 83 ಮಂದಿ ನಿವೃತ್ತ ಅಧಿಕಾರಿಗಳು ಹೋಗಿ ಕೇಳಿಕೊಂಡ ಟಿ.ಎಸ್.ಆರ್. ಸುಬ್ರಮಣಿಯನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 2013ರ ಅಕ್ಟೋಬರ್ 31ರಂದು ಎರಡು ಮುಖ್ಯ ಮಾತು ಹೇಳಿತು. ಅಧಿಕಾರಿಗಳಿಗೆ ಕನಿಷ್ಠ ಅವಧಿ ಖಾತ್ರಿಪಡಿಸಬೇಕು, ಬಾಯಿಮಾತಿನ ಆದೇಶಗಳನ್ನು ಬರಹದಲ್ಲಿ ದಾಖಲಿಸಬೇಕು. ಮರುವರ್ಷ ಐಎಎಸ್ ಕೇಡರ್ ನಿಯಮಗಳಲ್ಲಿ ಎರಡು ವರ್ಷದ ಕನಿಷ್ಠ ಅವಧಿ ಸೇರಿತು. ನಮ್ಮ ರಾಜ್ಯದಲ್ಲೂ ಸಾರ್ವತ್ರಿಕ ವರ್ಗಾವಣೆಗೆ ಮಾರ್ಗಸೂಚಿ ಇದೆ. ಆದರೂ ಪ್ರತಿ ವರ್ಷ ವರ್ಗಾವಣೆಯ ಕಾಲ ಬಂದಾಗ ವಿಧಾನಸೌಧದ ಮೊಗಸಾಲೆಗಳಲ್ಲಿ ಶಿಫಾರಸು ಪತ್ರಗಳು ಓಡಾಡುವುದು ನಿಂತಿಲ್ಲ. ನಾಳೆ ಇರುತ್ತೇನೋ ಇಲ್ಲವೋ ಎಂಬ ಅಧಿಕಾರಿ ಕೈಕೆಳಗಿನವರನ್ನು ಬೆಳೆಸುವ ಗೋಜಿಗೆ ಯಾಕೆ ಹೋಗುತ್ತಾರೆ?

ತರಬೇತಿಗೆ ಯಾರನ್ನು ಕಳಿಸುತ್ತಾರೆ ಎಂಬುದೂ ಅಷ್ಟೇ ಮುಖ್ಯ. ರಾಜ್ಯ ಸರ್ಕಾರದಲ್ಲಿ 2.5 ಲಕ್ಷಕ್ಕೂ ಹೆಚ್ಚು ಹುದ್ದೆಗಳು ಖಾಲಿ ಇವೆ. ಒಬ್ಬೊಬ್ಬರು ಎರಡು ಮೂರು ಮೇಜು ನೋಡಿಕೊಳ್ಳುತ್ತಿದ್ದಾರೆ. ಐದು ದಿನದ ತರಬೇತಿಗೆ ಹೆಸರು ಕಳಿಸಿ ಎಂದು ಪತ್ರ ಬಂದರೆ ಕಚೇರಿ ಮುಖ್ಯಸ್ಥರು ಕೆಲಸ ಬಲ್ಲವರನ್ನು ಬಿಡುಗಡೆ ಮಾಡಲು ಒಪ್ಪುವುದಿಲ್ಲ. ಯಾರಿಲ್ಲದಿದ್ದರೂ ನಡೆಯುತ್ತದೋ ಅವರ ಹೆಸರು ಹೋಗುತ್ತದೆ, ಕೆಲವೊಮ್ಮೆ ನಿವೃತ್ತಿಗೆ ಹತ್ತಿರವಾದವರದ್ದು. ಮುಖ್ಯಸ್ಥರನ್ನು ದೂರಿ ಫಲವಿಲ್ಲ, ಅವರಿಗೂ ಕೆಲಸ ನಡೆಯಬೇಕು. 2024ರಲ್ಲಿ ಗ್ರಾಮ ಆಡಳಿತಾಧಿಕಾರಿಗಳು ಮುಷ್ಕರಕ್ಕಿಳಿದಾಗ ಮೊಬೈಲ್ ಆ್ಯಪ್‌ಗಳ ಕೆಲಸದ ಹೊರೆ ಅವರ ದೂರುಗಳಲ್ಲಿ ಮುಂದಿತ್ತು. ಇಂಥ ಒತ್ತಡದಲ್ಲಿರುವವರಿಗೆ ಇನ್ನೊಂದು ಆ್ಯಪ್‌ನಲ್ಲಿ ನಾಯಕತ್ವ ಕಲಿಯಿರಿ ಎಂದರೆ ಅದು ಇನ್ನೊಂದು ಹೊರೆಯಾಗಿಯೇ ಕಾಣುತ್ತದೆ. ಮಹಿಳಾ ನೌಕರರಿಗಂತೂ ಮನೆ, ಮಕ್ಕಳನ್ನು ಬಿಟ್ಟು ವಾರಗಟ್ಟಲೆ ಮೈಸೂರಿನಲ್ಲಿ ಉಳಿಯುವುದು ಎಷ್ಟು ಕಷ್ಟ ಎಂಬುದು ಗೊತ್ತಿರುವ ಸಂಗತಿ. ಜಿಲ್ಲಾ ತರಬೇತಿ ಸಂಸ್ಥೆಗಳನ್ನು ಗಟ್ಟಿ ಮಾಡಿದರೆ ಅವರಿಗೆ ಊರ ಹತ್ತಿರವೇ, ವಾರಕ್ಕೊಂದು ದಿನದಂತೆ ಕಲಿಸಬಹುದು.

ಹಣವಿಲ್ಲವೆಂಬ ಮಾತನ್ನು ಒಪ್ಪುವಂತಿಲ್ಲ. 2012ರ ರಾಷ್ಟ್ರೀಯ ತರಬೇತಿ ನೀತಿಯೇ ಪ್ರತಿ ಇಲಾಖೆ ಸಂಬಳದ ಬಜೆಟ್ಟಿನ ಕನಿಷ್ಠ ಶೇ 2.5ರಷ್ಟನ್ನು ತರಬೇತಿಗೆ ಇಡಬೇಕೆಂದಿತ್ತು. ಕೊರತೆ ಇರುವುದು ಲೆಕ್ಕ ಕೇಳುವ ಕ್ರಮದಲ್ಲಿ. ಎಷ್ಟು ಮಂದಿಗೆ ತರಬೇತಿ ಆಯಿತು, ಎಷ್ಟು ತಂಡಗಳು ಮುಗಿದವು ಎಂಬುದು ವಾರ್ಷಿಕ ವರದಿಯಲ್ಲಿರುತ್ತದೆ. ಕೊನೆಯ ದಿನ ಎಲ್ಲರೂ ಅಭಿಪ್ರಾಯ ನಮೂನೆ ತುಂಬಿ ‘ಉತ್ತಮ’ ಎಂದು ಗುರುತು ಹಾಕುತ್ತಾರೆ. ತರಬೇತಿಯ ಮೌಲ್ಯಮಾಪನಕ್ಕೆ ಡೊನಾಲ್ಡ್ ಕರ್ಕ್‌ಪ್ಯಾಟ್ರಿಕ್ ನಾಲ್ಕು ಹಂತಗಳನ್ನು ಸೂಚಿಸಿ ಆರು ದಶಕಗಳೇ ಕಳೆದವು. ಪಾಠ ಹಿಡಿಸಿತೇ, ಏನು ಕಲಿತರು, ಕೆಲಸದಲ್ಲಿ ನಡವಳಿಕೆ ಬದಲಾಯಿತೇ, ಅದರಿಂದ ಫಲ ಸಿಕ್ಕಿತೇ. ನಾವು ಬಹುತೇಕ ಮೊದಲ ಹಂತದಲ್ಲೇ ನಿಂತಿದ್ದೇವೆ. ಆರು ತಿಂಗಳ ನಂತರ ಆ ಶಾಖೆಗೆ ಹೋಗಿ ಕಡತ ವಿಲೇವಾರಿ ಹೇಗಿದೆ, ಕೈಕೆಳಗಿನವರು ಏನನ್ನುತ್ತಾರೆ, ಕೌಂಟರಿಗೆ ಬಂದವರು ಎಷ್ಟು ಸಲ ಅಲೆದರು ಎಂದು ಕೇಳಿದರೆ ಮೂರು, ನಾಲ್ಕನೆಯ ಹಂತಗಳ ಉತ್ತರ ಸಿಗುತ್ತದೆ. ಇದಕ್ಕೆ ದೊಡ್ಡ ಸಮೀಕ್ಷೆ ಬೇಡ. ತರಬೇತುದಾರರೊಬ್ಬರು ಅರ್ಧ ದಿನ ಬಂದು ಕೂತರೆ ಸಾಕು.

ಪಾಠದ ಸಾಮಗ್ರಿಯ ಬಗ್ಗೆಯೂ ಒಂದು ಮಾತು ಹೇಳಲೇಬೇಕು. 1963ರ ಕಾಯ್ದೆಯಿಂದ ಈ ರಾಜ್ಯದ ಆಡಳಿತ ಭಾಷೆ ಕನ್ನಡ. ತಾಲ್ಲೂಕು ಕಚೇರಿಯ ಟಿಪ್ಪಣಿಗಳು, ನಡಾವಳಿಗಳು ಕನ್ನಡದಲ್ಲಿವೆ. ಆದರೆ ನಾಯಕತ್ವದ ಪಾಠಕ್ಕೆ ಕೂತರೆ ಉದಾಹರಣೆಗಳು ಕಾರು ಕಂಪನಿಗಳವು, ವಿಮಾನ ಕಂಪನಿಗಳವು. ತಾನು ಸೇರಿಸಿಕೊಳ್ಳದ, ತೆಗೆದುಹಾಕಲಾಗದ, ಸಂಬಳ ಹೆಚ್ಚಿಸಲಾಗದ ಸಿಬ್ಬಂದಿಯಿಂದ ಕೆಲಸ ಮಾಡಿಸಬೇಕಾದ ಶಿರಸ್ತೇದಾರರಿಗೆ ಕಂಪನಿಯ ಮ್ಯಾನೇಜರನ ಕಥೆ ಎಷ್ಟು ದೂರ ಬಂದೀತು?

ನಮ್ಮಲ್ಲೇ ಬೇಕಾದಷ್ಟಿದೆ. ಎಂ.ಆರ್. ಶ್ರೀನಿವಾಸಮೂರ್ತಿಯವರ ‘ರಂಗಣ್ಣನ ಕನಸಿನ ದಿನಗಳು’ ಕಾದಂಬರಿಯನ್ನು ಬಡ್ತಿ ಪಡೆದ ಪ್ರತಿಯೊಬ್ಬ ನೌಕರರ ಕೈಗೂ ಕೊಡಬೇಕೆಂದು ನನ್ನ ಆಸೆ. ಹಳೆಯ ಮೈಸೂರು ಸಂಸ್ಥಾನದ ವಿದ್ಯಾ ಇಲಾಖೆಯಲ್ಲಿ ದುಡಿದ ಲೇಖಕರು, ಹಳ್ಳಿ ಶಾಲೆಗಳ ಇನ್‌ಸ್ಪೆಕ್ಟರೊಬ್ಬನ ಕಥೆ ಬರೆದರು. ತಪ್ಪು ಹುಡುಕಿ ದಂಡ ಹಾಕುವುದೇ ತಪಾಸಣೆ ಎಂದು ನಡೆಯುತ್ತಿದ್ದ ಕಾಲದಲ್ಲಿ ರಂಗಣ್ಣ ಉಪಾಧ್ಯಾಯರ ಸಭೆ ಸೇರಿಸುತ್ತಾನೆ, ಅವರ ಜತೆ ಕೂತು ಊಟ ಮಾಡುತ್ತಾನೆ, ಅವರ ಕಷ್ಟ ಕೇಳುತ್ತಾನೆ. ಊರಿನ ಪ್ರಬಲರ ಒತ್ತಡವೂ ಅವನ ಮೇಲೆ ಬೀಳುತ್ತದೆ. ಇಂದಿನ ಯಾವ ತಾಲ್ಲೂಕು ಮಟ್ಟದ ಅಧಿಕಾರಿಗೂ ಅಪರಿಚಿತವಲ್ಲದ ಲೋಕ ಅದು. ಇದರ ಒಂದೆರಡು ಅಧ್ಯಾಯ ಓದಿಸಿ, ನೀವಾಗಿದ್ದರೆ ಏನು ಮಾಡುತ್ತಿದ್ದಿರಿ ಎಂದು ಚರ್ಚಿಸಿದರೆ ಅದಕ್ಕಿಂತ ಒಳ್ಳೆಯ ಪಾಠ ಇನ್ನೊಂದಿಲ್ಲ. ನಿವೃತ್ತರಾದ ಒಳ್ಳೆಯ ತಹಶೀಲ್ದಾರರು, ಬಿಇಒಗಳು, ಮುಖ್ಯ ಶಿಕ್ಷಕಿಯರು ಪ್ರತಿ ಜಿಲ್ಲೆಯಲ್ಲೂ ಇದ್ದಾರೆ. ಹೊಸಬರೊಬ್ಬೊಬ್ಬರಿಗೆ ವರ್ಷದ ಮಟ್ಟಿಗೆ ಒಬ್ಬ ಹಿರಿಯರನ್ನು ಜೋಡಿಸಿಕೊಟ್ಟರೆ, ಕಷ್ಟ ಬಂದಾಗ ಫೋನ್ ಮಾಡಿ ಕೇಳಲು ಒಂದು ದನಿ ಇದ್ದಂತಾಗುತ್ತದೆ. ಮೇಲಧಿಕಾರಿಯ ಹತ್ತಿರ ಕೇಳಲು ಹಿಂಜರಿಯುವ ಪ್ರಶ್ನೆಗಳನ್ನು ಅವರಲ್ಲಿ ಕೇಳಬಹುದು.

ಇಷ್ಟನ್ನೂ ಮಾಡಲು ಹೊಸ ಕಾಯ್ದೆ ಬೇಕಿಲ್ಲ, ಹೊಸ ಸಂಸ್ಥೆಯೂ ಬೇಕಿಲ್ಲ. ಮೈಸೂರಿನಲ್ಲಿ ಅನುಭವಿ ಬೋಧಕರಿದ್ದಾರೆ, ಜಿಲ್ಲೆಗಳಲ್ಲಿ ತರಬೇತಿ ಸಂಸ್ಥೆಗಳಿವೆ, ಯಾರಿಗೆ ಯಾವಾಗ ಬಡ್ತಿಯಾಯಿತೆಂಬ ಮಾಹಿತಿ ಸಿಬ್ಬಂದಿ ದಾಖಲೆಗಳ ತಂತ್ರಾಂಶವಾದ ಎಚ್‌ಆರ್‌ಎಂಎಸ್‌ನಲ್ಲಿ ಸಿಗುತ್ತದೆ. ಇಲಾಖಾ ಮುಖ್ಯಸ್ಥರಲ್ಲಿ ನನ್ನ ವಿನಂತಿ ಇಷ್ಟೇ. ಮುಂದಿನ ಬಾರಿ ಮೇಲ್ವಿಚಾರಕ ಹುದ್ದೆಗೆ ಬಡ್ತಿ ಆದೇಶ ಹೊರಡಿಸುವಾಗ, ಹೊಸ ಸ್ಥಳ ಮತ್ತು ವೇತನ ಶ್ರೇಣಿಯ ಕೆಳಗೆ ಇನ್ನೊಂದು ಸಾಲು ಸೇರಿಸಿ. ಈ ನೌಕರರು ಯಾವ ದಿನಾಂಕದಿಂದ ಎಲ್ಲಿ ತರಬೇತಿಗೆ ಹಾಜರಾಗಬೇಕು, ಆ ದಿನಗಳಲ್ಲಿ ಅವರ ಪ್ರಭಾರ ಯಾರು ವಹಿಸಬೇಕು ಎಂಬುದು ಆ ಆದೇಶದಲ್ಲೇ ಇರಲಿ.